ಮಾತಾಡುವ ಲೇಬಲ್ ಪೆನ್ನು: ಕೊಳ್ಳುವ ಮೊದಲು ಮನೆಯಲ್ಲಿ ಹೀಗೆ ಬಳಸಿ ನೋಡಿ

ಡಬ್ಬಿಯಲ್ಲಿ ಏನಿದೆ ಅಂತ ತಿಳಿಯಲು ಕಣ್ಣು ಕಾಣದ ನಾವು ಮುಚ್ಚಳ ತೆಗೆದು ಮೂಸಿ ನೋಡುತ್ತೇವೆ. ಜೀರಿಗೆ, ಇಂಗು, ಬೆಲ್ಲ ಎಲ್ಲಾ ವಾಸನೆಯಿಂದಲೇ ಗೊತ್ತಾಗುತ್ತವೆ. ಆದರೆ ಖಾರದ ಪುಡಿಗೆ ಮೂಗು ಹಾಕುವಂತಿಲ್ಲ. ನಮ್ಮ ಕಡೆ ಖಾರ ಅಂದರೆ ಒಂದೇ ಡಬ್ಬಿಯೂ ಇರುವುದಿಲ್ಲ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು, ಪಲ್ಯಕ್ಕೆ ಮಸಾಲಿ ಖಾರ. ಮೂರೂ ಒಂದೇ ಥರ ನುಣ್ಣಗೆ, ಮೂರೂ ಒಂದೇ ಅಳತೆಯ ಸ್ಟೀಲ್ ಡಬ್ಬಿಯಲ್ಲಿ. ಇಂಥ ಕಡೆ ಮಾತಾಡುವ ಲೇಬಲ್, ಅಂದರೆ ಅದರದೇ ಪೆನ್ನು ಮುಟ್ಟಿಸಿದರೆ ನಾವು ರೆಕಾರ್ಡ್ ಮಾಡಿಟ್ಟ ಮಾತು ಕೇಳಿಸುವ ಸ್ಟಿಕ್ಕರ್, ನಿಜವಾಗಿ ಕೆಲಸಕ್ಕೆ ಬರುತ್ತದೆ.

ನಾನು ಬಾಗಲಕೋಟೆಯ ನವನಗರದವಳು. ಗ್ಲಾಕೋಮಾದಿಂದ ನನ್ನ ಕಣ್ಣು ಹೋಗಿದ್ದು ಮಕ್ಕಳು ದೊಡ್ಡವರಾದ ಮೇಲೆ. ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ ಅದು. ಹೆಚ್ಚಾಗಿ ನೋವಿರುವುದಿಲ್ಲ, ಅಂಚಿನಿಂದ ನೋಟ ಕಡಿಮೆಯಾಗುತ್ತಾ ಬರುತ್ತದೆ, ಹೋದ ನೋಟ ತಿರುಗಿ ಬರುವುದಿಲ್ಲ. ಬ್ರೈಲ್ ಕಲಿಯೋಣ ಅಂತ ಕೂತರೆ ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗೆ ಜೋಮು ಹಿಡಿದಿತ್ತು. ಆರು ಚುಕ್ಕೆಯಲ್ಲಿ ಯಾವುದು ಎದ್ದಿದೆ, ಯಾವುದು ಇಲ್ಲ ಅಂತ ನನ್ನ ಬೆರಳಿಗೆ ಸಿಗಲಿಲ್ಲ. ನನ್ನ ಥರ ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರು ಬಹಳ ಜನ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ, ಮತ್ತು ಅವರ ಮನೆಯವರಿಗೆ.

ಬೆಳಗಾವಿಯ ಗೆಳತಿಯೊಬ್ಬಳು, ಅವಳಿಗೂ ಕಣ್ಣು ಕಾಣುವುದಿಲ್ಲ, ತನ್ನ ಪೆನ್ನನ್ನು ನನಗೆ ಕೆಲವು ವಾರ ಬಳಸಲು ಕೊಟ್ಟಳು. “ಮೊದ್ಲ ಮನ್ಯಾಗ ಬಳಸಿ ನೋಡ, ಆಮ್ಯಾಲೆ ತಗೊಳ್ಳೂದ ಬಿಡೂದ ವಿಚಾರ ಮಾಡು” ಅಂದಳು. ಒಳ್ಳೆಯ ಮಾತು. ಹೊರದೇಶದಿಂದ ಬರುವ ವಸ್ತು, ಬೆಲೆ ಜಾಸ್ತಿ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಇದರ ಗುಣ ಗೊತ್ತಾಗುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ, ನಮ್ಮ ಡಬ್ಬಿಗಳ ಮೇಲೆ, ನಮ್ಮ ಗಡಿಬಿಡಿಯಲ್ಲೇ ನೋಡಬೇಕು.

ಮೊದಲು, ಇದು ಕೆಲಸ ಮಾಡುವ ರೀತಿ

ನಾನು ಬಳಸಿದ್ದು ಪೆನ್‌ಫ್ರೆಂಡ್. ಬ್ರಿಟನ್ನಿನಲ್ಲಿ ಅಂಧರಿಗಾಗಿ ಕೆಲಸ ಮಾಡುವ ಆರ್‌ಎನ್‌ಐಬಿ ಸಂಸ್ಥೆ ಮತ್ತು ಲಂಡನ್ನಿನ ಮಂತ್ರ ಲಿಂಗ್ವಾ ಎಂಬ ಕಂಪನಿ ಸೇರಿ 2009ರಲ್ಲಿ ಇದನ್ನು ತಂದವು. ಮಂತ್ರ ಲಿಂಗ್ವಾದವರು ಎರಡು ಭಾಷೆಗಳಲ್ಲಿ ಮಕ್ಕಳ ಪುಸ್ತಕ ಮಾಡುವವರು. ಪುಟಕ್ಕೆ ಮುಟ್ಟಿಸಿದರೆ ಓದಿ ಹೇಳುವ ಪೆನ್ನು ಅವರ ಬಳಿ ಇತ್ತು. ಆ ವಿದ್ಯೆಯನ್ನೇ ಇಲ್ಲಿ ಡಬ್ಬಿ, ಬಟ್ಟೆ, ಔಷಧಿಗೆ ತಂದಿದ್ದಾರೆ.

ಲೇಬಲ್ ಅಂದರೆ ಒಂದು ಸಣ್ಣ ಸ್ಟಿಕ್ಕರ್. ಅದರ ಮೇಲೆ ಕಣ್ಣಿದ್ದವರಿಗೂ ಸರಿಯಾಗಿ ಕಾಣದಷ್ಟು ಸಣ್ಣ ಚುಕ್ಕೆಗಳು ಅಚ್ಚಾಗಿರುತ್ತವೆ. ಒಂದೊಂದು ಲೇಬಲ್ಲಿನ ಚುಕ್ಕೆಗಳ ಜೋಡಣೆ ಒಂದೊಂದು ಥರ. ಪೆನ್ನಿನ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇದೆ. ಅದು ಚುಕ್ಕೆ ಓದಿ ಇದು ಯಾವ ಲೇಬಲ್ ಅಂತ ಗುರುತು ಹಿಡಿಯುತ್ತದೆ, ಅದಕ್ಕೆ ನಾವು ರೆಕಾರ್ಡ್ ಮಾಡಿದ ಮಾತನ್ನು ಹುಡುಕಿ ಹೇಳುತ್ತದೆ. ಲೇಬಲ್ಲಿನಲ್ಲಿ ಮಾತು ಇರುವುದಿಲ್ಲ. ಮಾತೆಲ್ಲಾ ಪೆನ್ನಿನ ಒಳಗೆ. ನಮ್ಮ ನವನಗರದಲ್ಲಿ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಇದ್ದ ಹಾಗೆ: ನಂಬರ್ ಬೋರ್ಡಿನ ಮೇಲೆ ಇರುತ್ತದೆ, ಅಲ್ಲಿ ಯಾರಿದ್ದಾರೆ ಅನ್ನುವುದು ಗೊತ್ತಿರುವವನ ತಲೆಯಲ್ಲಿ ಇರುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಪೆನ್ನು ಕಳೆದರೆ ಮನೆಯ ಅಷ್ಟೂ ಲೇಬಲ್ ಮೂಕವಾಗುತ್ತವೆ. ಗೆಳತಿಯ ಪೆನ್ನಿನಲ್ಲಿ ನಾನು ಮಾಡಿದ ರೆಕಾರ್ಡಿಂಗ್ ನನ್ನ ಹೊಸ ಪೆನ್ನಿಗೆ ತಾನಾಗಿ ಬರುವುದಿಲ್ಲ. ಅದೇ ಇನ್ನೊಂದು ಕಡೆಯಿಂದ ಅನುಕೂಲವೂ ಹೌದು. ಡಬ್ಬಿಯಲ್ಲಿ ಬೇರೆ ಸಾಮಾನು ಹಾಕಿದರೆ ಲೇಬಲ್ ಕಿತ್ತು ಹೊಸದು ಅಂಟಿಸುವ ಕೆಲಸ ಇಲ್ಲ. ಅದೇ ಲೇಬಲ್ಲಿಗೆ ಮತ್ತೆ ಮಾತಾಡಿದರೆ ಹಳೆಯದು ಅಳಿಸಿ ಹೊಸದು ಕೂರುತ್ತದೆ.

ರೆಕಾರ್ಡ್ ಮಾಡುವುದು ಸುಲಭ. ಪೆನ್ನು ಆನ್ ಮಾಡಿ. ರೆಕಾರ್ಡ್ ಬಟನ್ ಒತ್ತಿ ಹಿಡಿಯಿರಿ. ಹಿಡಿದುಕೊಂಡೇ ತುದಿಯನ್ನು ಲೇಬಲ್ಲಿಗೆ ಮುಟ್ಟಿಸಿ. ಬೀಪ್ ಬಂದ ಮೇಲೆ ಮಾತಾಡಿ. ಮುಗಿದ ಮೇಲೆ ಬಟನ್ ಬಿಡಿ. ಆಮೇಲೆ ತುದಿ ಮುಟ್ಟಿಸಿದರೆ ಸಾಕು, ನಿಮ್ಮ ಮಾತು ನಿಮಗೇ ಕೇಳುತ್ತದೆ. ಕನ್ನಡ, ಮರಾಠಿ, ಉರ್ದು, ಯಾವ ಮಾತಾದರೂ ನಡೆಯುತ್ತದೆ, ಯಾಕೆಂದರೆ ಅದು ನಿಮ್ಮದೇ ದನಿ. ಇಂಟರ್ನೆಟ್ ಬೇಡ, ಫೋನ್ ಬೇಡ, ಓದು ಬರಹ ಬರಬೇಕು ಅಂತಲೂ ಇಲ್ಲ.

ಎಲ್ಲದಕ್ಕೂ ಅಂಟಿಸಬೇಡಿ

ಪೆನ್ನು ಕೈಗೆ ಬಂದ ಉತ್ಸಾಹದಲ್ಲಿ ಮನೆಯವರು ಸಿಕ್ಕಿದ್ದಕ್ಕೆಲ್ಲಾ ಲೇಬಲ್ ಅಂಟಿಸಲು ಶುರು ಮಾಡುತ್ತಾರೆ. ತಡೆಯಿರಿ. ಕೈಗೆ, ಮೂಗಿಗೆ, ಕಿವಿಗೆ ಗೊತ್ತಾಗುವ ವಸ್ತುವಿಗೆ ಲೇಬಲ್ ಬೇಡವೇ ಬೇಡ. ಕಡ್ಲಿಬೇಳೆ ದಪ್ಪ, ತೊಗರಿಬೇಳೆ ಅದಕ್ಕಿಂತ ತೆಳ್ಳಗೆ, ಚಿಟಿಕೆ ಹಿಡಿದರೆ ಗೊತ್ತಾಗುತ್ತದೆ. ಹರಳುಪ್ಪು ಗೊತ್ತಾಗುತ್ತದೆ. ಶೇಂಗಾ ಡಬ್ಬಿಯನ್ನು ಅಲ್ಲಾಡಿಸಿದರೆ ಸಾಕು. ಇವಕ್ಕೂ ಪೆನ್ನು ಹಿಡಿದು ಓಡಾಡಿದರೆ ಕೆಲಸ ನಿಧಾನವಾಗುತ್ತದೆ, ಬೆರಳಿಗಿದ್ದ ಅಭ್ಯಾಸವೂ ತಪ್ಪುತ್ತದೆ.

ಅದಕ್ಕೆ ಮೊದಲ ದಿನ ಪೆನ್ನನ್ನು ಮುಟ್ಟಲೇಬೇಡಿ. ಸುಮ್ನೆ ನಿಮ್ಮ ಕೆಲಸ ಮಾಡುತ್ತಾ, ದಿನದಲ್ಲಿ ಯಾವ ಯಾವ ವಸ್ತುವಿಗೆ “ಇದು ಯಾವುದು?” ಅಂತ ಇನ್ನೊಬ್ಬರನ್ನು ಕೇಳಿದಿರಿ ಅಂತ ನೆನಪಿಡಿ. ಆ ಪಟ್ಟಿಯೇ ನಿಮ್ಮ ಲೇಬಲ್ ಪಟ್ಟಿ. ನನ್ನ ಪಟ್ಟಿಯಲ್ಲಿ ಬಂದಿದ್ದು ಇವು: ಖಾರದ ಮೂರು ಡಬ್ಬಿ, ಮೈದಾ ಮತ್ತು ನುಣ್ಣಗಿನ ಗೋದಿ ಹಿಟ್ಟು, ಗುಳಿಗೆ, ಕಣ್ಣಿನ ಹನಿ ಔಷಧಿಯ ಎರಡು ಬಾಟಲಿ, ಸೀರೆಗಳು, ಮತ್ತು ಕಪಾಟಿನ ಕಾಗದಪತ್ರ. ನಿಮ್ಮದು ಬೇರೆ ಇರಬಹುದು. ಹೊಲದ ಮನೆಯಾದರೆ ಬೀಜದ ಚೀಲ, ಔಷಧಿ ಡಬ್ಬ ಬರಬಹುದು. ಕಿರಾಣಿ ಅಂಗಡಿಯವರಾದರೆ ಇನ್ನೂ ಬೇರೆ.

ಅಡುಗೆಮನೆಯ ಪರೀಕ್ಷೆ

ಲೇಬಲ್ ಅನ್ನು ಮುಚ್ಚಳದ ಮೇಲೆ ಅಂಟಿಸಬೇಡಿ. ಇದು ನನ್ನ ಮೊದಲ ಸೂಚನೆ, ಬಹಳ ಮುಖ್ಯವಾದದ್ದು. ಮುಚ್ಚಳದ ಮೇಲೆ ಕೈಗೆ ಬೇಗ ಸಿಗುತ್ತದೆ ಅನ್ನುವುದು ನಿಜ. ಆದರೆ ಒಂದೇ ಸೆಟ್ಟಿನ ಸ್ಟೀಲ್ ಡಬ್ಬಿಗಳ ಮುಚ್ಚಳ ಒಂದಕ್ಕೊಂದು ಕೂರುತ್ತವೆ. ತೊಳೆದು ಬುಟ್ಟಿಯಲ್ಲಿ ಬೋರಲು ಹಾಕಿ, ಒಣಗಿದ ಮೇಲೆ ಯಾರೋ ಮುಚ್ಚಿಟ್ಟರೆ ಮುಗಿಯಿತು. ಲೇಬಲ್ ಸಕ್ಕರೆ ಅನ್ನುತ್ತದೆ, ಒಳಗೆ ಸೋಡಾ ಇರುತ್ತದೆ. ಡಬ್ಬಿಯ ಹೊಟ್ಟೆಗೇ ಅಂಟಿಸಿ. ಎಲ್ಲಾ ಡಬ್ಬಿಗೂ ಒಂದೇ ಜಾಗದಲ್ಲಿ, ಬಾಯಿಯಿಂದ ಎರಡು ಬೆರಳು ಕೆಳಗೆ. ಶೆಲ್ಫಿನಲ್ಲಿ ಇಡುವಾಗ ಲೇಬಲ್ ನಿಮ್ಮ ಕಡೆ ಇರಲಿ.

ಅಂಟಿಸುವ ಮೊದಲು ಡಬ್ಬಿಯನ್ನು ಸೋಪು ಹಾಕಿ ತೊಳೆದು, ಒಣ ಬಟ್ಟೆಯಿಂದ ಒರೆಸಿ. ಒಗ್ಗರಣೆಯ ಕೈ ತಾಗಿ ತಾಗಿ ನಮ್ಮ ಡಬ್ಬಿಗಳ ಮೇಲೆ ಎಣ್ಣೆಯ ತೆಳುವಾದ ಪದರ ಇರುತ್ತದೆ. ಅದರ ಮೇಲೆ ಅಂಟು ನಿಲ್ಲುವುದಿಲ್ಲ. ನಮ್ಮ ಬಾಗಲಕೋಟೆಯ ಬೇಸಿಗೆ ಸೆಕೆಯಲ್ಲಿ ಅಂಚು ಎದ್ದು ಬರುತ್ತದೆ. ಹಿಟ್ಟು, ಅರಿಶಿನ, ಎಣ್ಣೆ ಲೇಬಲ್ಲಿನ ಮೇಲೆ ಕೂತರೆ ಪೆನ್ನಿನ ಕ್ಯಾಮೆರಾಗೆ ಚುಕ್ಕೆ ಕಾಣುವುದಿಲ್ಲ. ಪೆನ್ನು ಕೆಟ್ಟಿತು ಅಂತ ಗಾಬರಿ ಬೇಡ, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ಪೆನ್ನಿನ ತುದಿಯನ್ನೂ ಒಣ ಬಟ್ಟೆಯಿಂದ ಒರೆಸಿ.

ಈಗ ನಿಜವಾದ ಪರೀಕ್ಷೆ. ರೊಟ್ಟಿ ಬಡಿಯುವ ಹೊತ್ತಿಗೆ, ಕೈಯೆಲ್ಲಾ ಜೋಳದ ಹಿಟ್ಟಾಗಿರುವಾಗ, ಪೆನ್ನು ಹಿಡಿದು ನೋಡಿ. ಬಟನ್‌ಗಳು ಬೆರಳಿಗೆ ಬೇರೆ ಬೇರೆಯಾಗಿ ಸಿಗುತ್ತವೆಯಾ? ಕೇಳಲು ಮುಟ್ಟಿಸುವಾಗ ರೆಕಾರ್ಡ್ ಒತ್ತಿಬಿಡುವ ಭಯ ಇದೆಯಾ? ಕುಕ್ಕರ್ ಸೀಟಿ ಹೊಡೆಯುವಾಗ, ಮಿಕ್ಸಿ ತಿರುಗುವಾಗ ದನಿ ಕೇಳುತ್ತದೆಯಾ? ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಪೆನ್ನು ಹಿಡಿದರೆ ತುದಿ ಲೇಬಲ್ಲಿಗೆ ಸರಿಯಾಗಿ ಕೂರುತ್ತದೆಯಾ? ಪೆನ್ನನ್ನು ನೆಟ್ಟಗೆ ಒತ್ತುವುದಕ್ಕಿಂತ ಬರೆಯುವಾಗ ಹಿಡಿಯುವಂತೆ ಸ್ವಲ್ಪ ವಾಲಿಸಿ ಹಿಡಿದರೆ ನನಗೆ ಅನುಕೂಲವಾಯಿತು. ಕೈ ನಡುಗುವ ಹಿರಿಯರಿದ್ದರೆ ಅವರ ಕೈಗೂ ಕೊಟ್ಟು ನೋಡಿ. ಅವರಿಗೆ ದೊಡ್ಡ ಅಳತೆಯ ಲೇಬಲ್ ಬೇಕಾಗುತ್ತದೆ.

ಪೆನ್ನಿಗೆ ದಾರ ಕಟ್ಟಲು ಜಾಗ ಇದೆ. ದಾರ ಹಾಕಿ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿ. ಬಳಸಿದ ಮೇಲೆ ಅಲ್ಲೇ ಹಾಕಬೇಕು, ಎಲ್ಲರೂ. ಪೆನ್ನನ್ನೇ ಹುಡುಕುವ ಕೆಲಸ ಬಂದರೆ ಈ ಸಾಧನದಿಂದ ಉಪಯೋಗವಿಲ್ಲ.

ಏನು ಹೇಳಬೇಕು, ಯಾರು ಹೇಳಬೇಕು

ಮೊದಲು ವಸ್ತುವಿನ ಹೆಸರು, ಆಮೇಲೆ ಉಳಿದದ್ದು. “ಗುಂಟೂರು ಖಾರ. ಅರ್ಧ ಚಮಚ ಸಾಕು. ಶಿವರಾತ್ರಿ ಆದ ಮೇಲೆ ಕುಟ್ಟಿಸಿದ್ದು.” ಇಷ್ಟೇ. “ಈ ಡಬ್ಬಿಯಲ್ಲಿ ಏನಿದೆ ಅಂದರೆ...” ಅಂತ ಶುರು ಮಾಡಿದರೆ ದಿನಾ ಅಷ್ಟುದ್ದ ಕೇಳಬೇಕು. ಹೆಸರು ಮೊದಲೇ ಬಂದರೆ ಅದು ಕೇಳಿದ ಕೂಡಲೇ ಪೆನ್ನು ಎತ್ತಬಹುದು.

ಹೇಳುವವರು ಯಾರು ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ಸಾಮಾನ್ಯವಾಗಿ ಮನೆಯಲ್ಲಿ ಕಣ್ಣಿದ್ದವರು ಕೂತು, “ನೀ ಸುಮ್ನ ಕೂಡ, ನಾವ ಮಾಡಿ ಕೊಡ್ತೀವಿ” ಅಂತ ಅಷ್ಟೂ ರೆಕಾರ್ಡ್ ಮಾಡಿ ಮುಗಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಹಾಗೆ ಮಾಡಿದರೆ ಲೇಬಲ್ ಎಲ್ಲಿದೆ, ಏನು ಹೇಳುತ್ತದೆ ಅನ್ನುವುದು ಬಳಸುವವರ ಕೈಗೆ ಗೊತ್ತಿರುವುದಿಲ್ಲ. ಅಂಟಿಸುವ ಕೈ ನಿಮ್ಮದಿರಲಿ, ದನಿ ನಿಮ್ಮದಿರಲಿ. ಕಣ್ಣಿದ್ದವರು ಪಕ್ಕದಲ್ಲಿ ಕೂತು “ಇದು ಮೈದಾ” ಅಂತ ಹೇಳಿದರೆ ಸಾಕು. ನನ್ನ ಅಡುಗೆಮನೆ ನನ್ನ ದನಿಯಲ್ಲೇ ಮಾತಾಡಬೇಕು ಅಂತ ನಾನು ಹಟ ಹಿಡಿದೆ. ಆ ಹಟ ಸರಿ ಅಂತಲೇ ಈಗಲೂ ಅನ್ನುತ್ತೇನೆ.

ಎರಡು ಕಡೆ ಮಾತ್ರ ಬೇರೆಯವರ ದನಿ ಒಳ್ಳೆಯದು. ಒಂದು ಔಷಧಿ, ಅದನ್ನು ಮುಂದೆ ಹೇಳುತ್ತೇನೆ. ಇನ್ನೊಂದು, ಆ ವಸ್ತುವನ್ನು ಮಾಡಿದವರೇ ಬೇರೆಯವರಾದಾಗ. ನಮ್ಮ ಮನೆಯಲ್ಲಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವವರು ಅತ್ತೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಮೂರೂ ಅವರದೇ ಕೈ. ಮೂಗಿನಿಂದ ಯಾವ ಹಿಂಡಿ ಅಂತ ನನಗೆ ಗೊತ್ತಾಗುತ್ತದೆ. ಆದರೆ ಯಾವಾಗ ಮಾಡಿದ್ದು, ಉಪ್ಪು ಎಷ್ಟು ಬಿದ್ದಿದೆ ಅನ್ನುವುದು ಅವರಿಗೇ ಗೊತ್ತು. ಪೆನ್ನು ಕೈಗೆ ಕೊಟ್ಟಾಗ ಮೊದಲು ದೂರ ಹಿಡಿದರು. ಆಮೇಲೆ ಬಾಯಿ ಹತ್ತಿರ ತಂದು, “ಅಗಸಿ ಹಿಂಡಿ ಐತಿ ನೋಡವಾ. ಉಪ್ಪ ಜರಾ ಜಾಸ್ತಿ ಆಗೇತಿ, ಮೊಸರಾಗ ಕಲಿಸ್ಕೊಂಡ ತಿನ್ರಿ” ಅಂದರು. ನಾನು ಹೇಳಿಕೊಟ್ಟಿದ್ದಲ್ಲ. ಲೇಬಲ್ಲಿನಲ್ಲಿ ಏನಿರಬೇಕೋ ಅಷ್ಟೂ ಅದರಲ್ಲಿತ್ತು: ಹೆಸರು, ಎಚ್ಚರಿಕೆ, ಬಳಸುವ ರೀತಿ.

ಮನೆಗೆ ಒಂದು ನಿಯಮ ಮಾಡಿ. ಡಬ್ಬಿ ತುಂಬಿದವರೇ ಆಗಿಂದಾಗಲೇ ಮಾತಾಡಬೇಕು. ಆಮೇಲೆ ಮಾಡೋಣ ಅಂತ ಬಿಟ್ಟರೆ ಲೇಬಲ್ ಸುಳ್ಳು ಹೇಳಲು ಶುರು ಮಾಡುತ್ತದೆ. ಸುಳ್ಳು ಹೇಳುವ ಲೇಬಲ್ಲಿಗಿಂತ ಲೇಬಲ್ ಇಲ್ಲದಿರುವುದೇ ವಾಸಿ. ಬಳಸಿ ನೋಡುವ ದಿನಗಳಲ್ಲಿ ಮನೆಯವರು ಈ ನಿಯಮ ಪಾಲಿಸುತ್ತಾರಾ ಅನ್ನುವುದನ್ನೂ ನೋಡಿ. ಪೆನ್ನು ಚೆನ್ನಾಗಿದ್ದೂ ಮನೆಯವರು ಕೈಜೋಡಿಸದಿದ್ದರೆ ದುಡ್ಡು ಹಾಕುವ ಮೊದಲು ಅವರ ಜೊತೆ ಕೂತು ಮಾತಾಡಿ.

ವಿಷದ ವಸ್ತುಗಳಿಗೆ, ಅಂದರೆ ಸಂಡಾಸು ತೊಳೆಯುವ ಆ್ಯಸಿಡ್, ಇಲಿ ಪಾಷಾಣ, ಬೆಳೆಗೆ ಹೊಡೆಯುವ ಔಷಧಿ, ಇವಕ್ಕೆ ಬರೀ ಮಾತಿನ ಲೇಬಲ್ ನಂಬಬೇಡಿ. ಬೇರೆ ಜಾಗದಲ್ಲಿ ಇಡಿ, ಬಾಟಲಿಯ ಕುತ್ತಿಗೆಗೆ ಸುತಳಿ ಬಿಗಿದು ಗಂಟು ಹಾಕಿ. ಪೆನ್ನು ಇಲ್ಲದಿದ್ದರೂ, ಬ್ಯಾಟರಿ ಮುಗಿದಿದ್ದರೂ ಕೈಗೆ ಗಂಟು ಸಿಕ್ಕರೆ “ಮುಟ್ಟಬೇಡ” ಅಂತ ಗೊತ್ತಾಗಬೇಕು.

ಔಷಧಿ

ಇಲ್ಲಿ ಸಾವಕಾಶವಾಗಿ ಓದಿ.

ಗುಳಿಗೆಯ ಪಟ್ಟಿಗೆ ನೇರವಾಗಿ ಲೇಬಲ್ ಅಂಟಿಸಿದರೆ ಅದರ ಮೇಲಿನ ಹೆಸರು, ತಾರೀಖು ಮುಚ್ಚಿ ಹೋಗುತ್ತದೆ. ಕಣ್ಣಿದ್ದವರು ಓದಿ ಹೇಳಲೂ ಆಗುವುದಿಲ್ಲ. ಪಟ್ಟಿ ಮುಗಿದಾಗ ಲೇಬಲ್ಲೂ ಕಸಕ್ಕೆ ಹೋಗುತ್ತದೆ. ಬದಲಿಗೆ ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲ ತನ್ನಿ. ಒಂದು ಔಷಧಿಗೆ ಒಂದು ಚೀಲ, ಚೀಲದ ಮೇಲೆ ಲೇಬಲ್. ಒಂದು ಸಲಕ್ಕೆ ಒಂದೇ ಚೀಲ ತೆರೆಯಬೇಕು. ಅದನ್ನು ಮುಚ್ಚಿ ಇಟ್ಟ ಮೇಲೆಯೇ ಇನ್ನೊಂದು. ಎರಡು ಪಟ್ಟಿ ಒಟ್ಟಿಗೆ ಹೊರಗೆ ಬಂದರೆ ಯಾವುದು ಯಾವ ಚೀಲದ್ದು ಅಂತ ಪೆನ್ನು ಹೇಳಲಾರದು.

ರೆಕಾರ್ಡಿಂಗನ್ನು ಔಷಧಿ ಅಂಗಡಿಯಲ್ಲೇ ಮಾಡಿ. ಪೆನ್ನು ಮತ್ತು ಚೀಲ ಜೊತೆಗೆ ಒಯ್ಯಿರಿ. “ಅಣ್ಣಾರ, ಇದರ ಹೆಸರು, ಯಾವಾಗ ತಗೋಬೇಕು, ಎಕ್ಸ್‌ಪೈರಿ ಯಾವಾಗ, ಇದರಾಗ ಮಾತಾಡಿ ಕೊಡ್ರಿ” ಅಂತ ಕೇಳಿ. ಚೀಟಿ ನೋಡಿ, ಪಟ್ಟಿ ನೋಡಿ ಓದುವುದು ಅವರ ದಿನದ ಕೆಲಸ. ಅವರ ದನಿಯಲ್ಲಿ ಇದ್ದರೆ ನಡುವೆ ಇನ್ನೊಬ್ಬರ ನೆನಪಿನ ಮೇಲೆ ನಿಲ್ಲುವ ಪ್ರಸಂಗ ಬರುವುದಿಲ್ಲ. ಪಟ್ಟಿಯನ್ನು ಕತ್ತರಿಸಿ ಕೊಡುವುದಾದರೆ ಎಕ್ಸ್‌ಪೈರಿ ಬರೆದ ಭಾಗ ನಿಮಗೇ ಬರಲಿ ಅಂತ ಹೇಳಿ. ಆ ತುದಿಯಿಂದ ಗುಳಿಗೆ ಬಿಡಿಸಬೇಡಿ, ಕೊನೆಯವರೆಗೂ ಉಳಿಸಿಕೊಳ್ಳಿ.

ಕಣ್ಣಿನ ಹನಿ ಬಾಟಲಿ ಇನ್ನೂ ಕಷ್ಟ. ಹೆಬ್ಬೆರಳಿನಷ್ಟು ದಪ್ಪ, ಮೈ ಗುಂಡಗೆ. ಲೇಬಲ್ ಬಾಗಿದರೆ ಪೆನ್ನು ಸರಿಯಾಗಿ ಓದುವುದಿಲ್ಲ. ನಾನು ಕಂಡುಕೊಂಡ ಉಪಾಯ ಇದು. ಹಳೆಯ ಲಗ್ನಪತ್ರಿಕೆಯ ಗಟ್ಟಿ ಕಾಗದದಿಂದ ಎರಡು ಬೆರಳಗಲದ ಚೌಕ ಕತ್ತರಿಸಿ. ಒಂದು ಮೂಲೆಗೆ ತೂತು ಮಾಡಿ, ರಬ್ಬರ್ ಬ್ಯಾಂಡ್ ತೂರಿಸಿ, ಬಾಟಲಿಯ ಕುತ್ತಿಗೆಗೆ ಎರಡು ಸುತ್ತು ಹಾಕಿ. ಚೌಕದ ಮೇಲೆ ಲೇಬಲ್. ಸಪಾಟಾಗಿ ಅಂಗೈ ಮೇಲೆ ಬೀಳುತ್ತದೆ, ಪೆನ್ನು ಮುಟ್ಟಿಸಿದ ಕೂಡಲೇ ಮಾತಾಡುತ್ತದೆ. ಬಾಟಲಿ ಖಾಲಿಯಾದರೆ ಚೌಕ ಬಿಚ್ಚಿ ಹೊಸದಕ್ಕೆ ಹಾಕಿ, ಮತ್ತೆ ಮಾತಾಡಿ.

ಹನಿ ಔಷಧಿಗೆ ಹೆಸರು, ಹೊತ್ತಿನ ಜೊತೆ ಇನ್ನೊಂದನ್ನು ಹೇಳಲೇಬೇಕು: ಮುಚ್ಚಳ ಒಡೆದ ತಾರೀಖು. ಬಾಟಲಿಯ ಮೇಲಿನ ಎಕ್ಸ್‌ಪೈರಿ ಮುಚ್ಚಿದ ಬಾಟಲಿಯದ್ದು. ಒಮ್ಮೆ ತೆರೆದ ಮೇಲೆ ಹೆಚ್ಚಿನ ಹನಿ ಔಷಧಿಗಳನ್ನು ನಾಲ್ಕು ವಾರದ ನಂತರ ಬಳಸಬಾರದು. ನಿಮ್ಮ ಔಷಧಿಯದ್ದು ಎಷ್ಟು ಅಂತ ಡಾಕ್ಟರನ್ನು ಕೇಳಿ ಅದನ್ನೂ ಸೇರಿಸಿ. ಎರಡು ಹನಿ ಹಾಕುವವರಾದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಐದು ನಿಮಿಷ ಬಿಡಬೇಕು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ನಾನು ಎರಡನೇ ಬಾಟಲಿಯ ಲೇಬಲ್ಲಿನಲ್ಲಿ “ಐದು ನಿಮಿಷ ಆಯ್ತಾ?” ಅಂತಲೇ ಶುರು ಮಾಡಿದ್ದೇನೆ.

ಸೀರೆ, ಕಾಗದಪತ್ರ

ಇಳಕಲ್ ಸೀರೆ ನಮ್ಮ ಜಿಲ್ಲೆಯದೇ. ಕೈಗೆ ಸೀರೆ ಇಳಕಲ್ ಅಂತ ತಿಳಿಯುತ್ತದೆ. ದಡಿಯ ಮೇಲೆ ಬೆರಳಾಡಿಸಿದರೆ ನೇಯ್ಗೆಯೂ ಸ್ವಲ್ಪ ತಿಳಿಯುತ್ತದೆ. ಸೆರಗು ಕೆಂಪು ಅಂತ ಗೊತ್ತಿದೆ. ಒಡಲಿನ ಬಣ್ಣ ಮಾತ್ರ ಯಾವ ಬೆರಳಿಗೂ ಸಿಗುವುದಿಲ್ಲ. ಹಸಿರು ಸೀರೆ ಉಡಬೇಕಾದ ಶುಭಕಾರ್ಯಕ್ಕೆ ಯಾವುದನ್ನೋ ಉಟ್ಟು ಹೋಗಲು ಯಾರಿಗೆ ಇಷ್ಟ?

ಬಟ್ಟೆಗೆ ಒಗೆದರೂ ನಿಲ್ಲುವ ಬೇರೆ ಲೇಬಲ್ ಸಿಗುತ್ತವೆ. ಮಾಮೂಲಿ ಸ್ಟಿಕ್ಕರ್ ಬಟ್ಟೆಗೆ ಅಂಟಿಸಬೇಡಿ. ಒಗೆಯುವ ಲೇಬಲ್ ಅನ್ನು ಒಳತುದಿಯ ಫಾಲಿನ ಮೂಲೆಗೆ ಹೊಲಿಸಿ, ಉಟ್ಟಾಗ ಹೊರಗೆ ಕಾಣುವುದಿಲ್ಲ. ಎಲ್ಲಾ ಸೀರೆಗೂ ಅದೇ ಮೂಲೆ. ಹೇಳುವಾಗ ಬಣ್ಣವಷ್ಟೇ ಅಲ್ಲ, ಜೊತೆಯ ಕುಪ್ಪಸ ಎಲ್ಲಿದೆ ಅಂತಲೂ ಸೇರಿಸಿ: “ಹಸಿರು ಒಡಲು, ಚಿಕ್ಕಿ ಪರಾಸ ದಡಿ. ತಂಗಿ ಮದುವೆಯದು. ಗುಳೇದಗುಡ್ಡದ ಖಣದ ಕುಪ್ಪಸ, ಕಪಾಟಿನ ಎರಡನೇ ಖಾನೆಯಲ್ಲಿ.” ಕಪಾಟಿನ ಎದುರು ನಿಂತು ನನಗೆ ಬೇಕಾದ ಸೀರೆಯನ್ನು ನಾನೇ ತೆಗೆದ ದಿನ ಈ ಪೆನ್ನು ಕೊಳ್ಳಬೇಕು ಅಂತ ತೀರ್ಮಾನವಾಯಿತು. ಅಡುಗೆಮನೆಯಲ್ಲಿ ಉಪಯೋಗ ಇತ್ತು, ಔಷಧಿಗೆ ಅಗತ್ಯ ಇತ್ತು. ಆದರೆ ಸೀರೆ ಆರಿಸುವುದು ನನ್ನ ಇಷ್ಟದ ಕೆಲಸವಾಗಿತ್ತು, ಅದು ತಿರುಗಿ ಸಿಕ್ಕಿತು.

ಕಾಗದಪತ್ರಕ್ಕೆ ಹೆಚ್ಚು ಹೇಳುವುದಿಲ್ಲ. ಹೊಲದ ಉತಾರ (ಪಹಣಿ), ಪಾಸ್‌ಬುಕ್, ರೇಷನ್ ಕಾರ್ಡ್, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡ್, ಹೆಸ್ಕಾಂ ಕರೆಂಟ್ ಬಿಲ್ಲು, ಒಂದೊಂದಕ್ಕೂ ಪ್ಲಾಸ್ಟಿಕ್ ಫೋಲ್ಡರ್ ಮಾಡಿ, ಫೋಲ್ಡರಿಗೆ ಅಂಟಿಸಿ. ಅಸಲಿ ಕಾಗದಕ್ಕೆ ಎಂದೂ ಅಂಟಿಸಬೇಡಿ. ಎಟಿಎಂ ಪಿನ್, ಪಾಸ್‌ವರ್ಡ್ ಪೆನ್ನಿನಲ್ಲಿ ಹೇಳಿಡಬೇಡಿ. ಪೆನ್ನು ಯಾರ ಕೈಗೆ ಸಿಕ್ಕರೂ ಮಾತಾಡುತ್ತದೆ.

ಪೆನ್ನೇ ಬೇಕಾ? ಬೇರೆ ದಾರಿ ಇಲ್ವಾ?

ಇದೆ. ಕೊಳ್ಳುವ ಮೊದಲು ಅವನ್ನೂ ನೋಡಿ.

ನಾಲ್ಕಾರು ವಸ್ತುಗಳನ್ನಷ್ಟೇ ಗುರುತಿಸಬೇಕಾದರೆ ರಬ್ಬರ್ ಬ್ಯಾಂಡ್ ಸಾಕು. ಒಂದು ಸುತ್ತು ಬ್ಯಾಡಗಿ, ಎರಡು ಸುತ್ತು ಗುಂಟೂರು. ಖರ್ಚಿಲ್ಲ, ಬ್ಯಾಟರಿ ಇಲ್ಲ. ವಸ್ತು ಹೆಚ್ಚಾದಂತೆ ಯಾವುದಕ್ಕೆ ಎಷ್ಟು ಸುತ್ತು ಅಂತ ನೆನಪಿಡುವುದೇ ಕಷ್ಟವಾಗುತ್ತದೆ. ಬ್ರೈಲ್ ಬರುವವರಿಗೆ ಬ್ರೈಲ್ ಲೇಬಲ್ಲೇ ಮೇಲು ಅಂತ ನನ್ನ ಅನಿಸಿಕೆ. ಕನ್ನಡಕ್ಕೆ ಭಾರತಿ ಬ್ರೈಲ್ ಇದೆ. ಬೆರಳೇ ಓದಿಕೊಳ್ಳುತ್ತದೆ, ನಡುವೆ ಯಂತ್ರ ಬೇಡ.

ಫೋನಿನ ಕ್ಯಾಮೆರಾದಿಂದ ಓದಿ ಹೇಳುವ ಸೀಯಿಂಗ್ ಎಐ, ಲುಕ್‌ಔಟ್ ಥರದ ಆಪ್‌ಗಳು ಅಂಗಡಿಯ ಪೊಟ್ಟಣಕ್ಕೆ ಒಳ್ಳೆಯವು. ಆದರೆ ಅತ್ತೆ ಕುಟ್ಟಿದ ಹಿಂಡಿಯ ಮೇಲೆ ಯಾವ ಬಾರ್‌ಕೋಡ್ ಇರುತ್ತದೆ? ಮನೆಯಲ್ಲಿ ಮಾಡಿ ತುಂಬಿದ್ದಕ್ಕೆ ನಮ್ಮದೇ ಲೇಬಲ್ ಬೇಕು.

ಫೋನಿನಲ್ಲಿ ಎನ್‌ಎಫ್‌ಸಿ, ಅಂದರೆ ಹತ್ತಿರ ತಂದ ಸ್ಟಿಕ್ಕರನ್ನು ವೈರಿಲ್ಲದೆ ಓದುವ ಸೌಲಭ್ಯ, ಇದ್ದರೆ ಇನ್ನೊಂದು ದಾರಿ ಇದೆ. ಎನ್‌ಎಫ್‌ಸಿ ಸ್ಟಿಕ್ಕರ್ ಅಗ್ಗ. ಅದರಲ್ಲಿ ಬ್ಯಾಟರಿ ಇರುವುದಿಲ್ಲ, ಫೋನ್ ಹತ್ತಿರ ತಂದರೆ ಫೋನಿನಿಂದಲೇ ಶಕ್ತಿ ಪಡೆದು ತನ್ನಲ್ಲಿ ಬರೆದ ಅಕ್ಷರ ಕೊಡುತ್ತದೆ, ಫೋನಿನ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಅದನ್ನು ಕನ್ನಡದಲ್ಲಿ ಓದುತ್ತದೆ. ಇಲ್ಲಿ ಅಕ್ಷರ ಸ್ಟಿಕ್ಕರಿನಲ್ಲೇ ಇರುವುದರಿಂದ ಎನ್‌ಎಫ್‌ಸಿ ಇರುವ ಬೇರೆ ಫೋನಿನಲ್ಲೂ ಓದಬಹುದು. ಆದರೆ ಎರಡು ತೊಡಕು. ಒಂದು, ಸ್ಟೀಲ್ ಡಬ್ಬಿ. ಲೋಹದ ಮೇಲೆ ಮಾಮೂಲಿ ಸ್ಟಿಕ್ಕರ್ ಕೆಲಸ ಮಾಡುವುದಿಲ್ಲ, ಲೋಹಕ್ಕೆಂದೇ ಮಾಡಿದ್ದನ್ನು ಕೇಳಿ ತರಬೇಕು. ಪೆನ್‌ಫ್ರೆಂಡ್ ಬೆಳಕಿನಿಂದ ಓದುವುದರಿಂದ ಅದಕ್ಕೆ ಸ್ಟೀಲೂ ಒಂದೇ, ಪ್ಲಾಸ್ಟಿಕ್ಕೂ ಒಂದೇ. ಇನ್ನೊಂದು, ಜಾಗ. ಹೆಚ್ಚಾಗಿ ಸಿಗುವ ಎನ್‌ಟ್ಯಾಗ್ 213 ಸ್ಟಿಕ್ಕರಿನಲ್ಲಿ 144 ಬೈಟ್ ಮಾತ್ರ. ಕನ್ನಡದಲ್ಲಿ ಅಕ್ಷರ, ಕೊಂಬು ಒಂದೊಂದಕ್ಕೂ 3 ಬೈಟ್ ಬೇಕು, ಒತ್ತಿಗೆ 6. “ಗುರೆಳ್ಳು ಹಿಂಡಿ” ಅಂತ ಬರೆದರೆ 40 ಬೈಟ್ ಹೋಯಿತು. ತಾರೀಖು ಸೇರಿಸಬಹುದು, ಅತ್ತೆಯ ಮಾತು ಹಿಡಿಸುವುದಿಲ್ಲ. ಜಾಸ್ತಿ ಬರೆಯಬೇಕಾದರೆ 504 ಬೈಟಿನ ಎನ್‌ಟ್ಯಾಗ್ 215 ತನ್ನಿ. ಫೋನ್ ಚೆನ್ನಾಗಿ ಬಳಸುವ ಹುಡುಗ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತೇನೆ. ಫೋನ್ ಅಂದರೆ ಹಿಂಜರಿಯುವ ಹಿರಿಯರಿಗೆ ಪೆನ್ನೇ ಸರಿ.

ಕೊಳ್ಳುವುದಾದರೆ

ಮೊದಲು ಬಳಸಲು ಕೊಡುವವರನ್ನು ಹುಡುಕಿ. ಪುನರ್ವಸತಿ ಕಾರ್ಯಕರ್ತರಾದ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅವರಿಗೆ ಊರೂರಿನ ಅಂಗವಿಕಲರ ಪರಿಚಯ ಇರುತ್ತದೆ. ಯಾರ ಬಳಿ ಇಂಥ ಸಾಧನ ಇದೆ ಅಂತ ಅವರನ್ನು ಕೇಳಿ. ಅಂಧರ ಶಾಲೆಗಳಲ್ಲೂ ವಿಚಾರಿಸಿ. ಬೇರೆಯವರ ಪೆನ್ನು ತಂದರೆ ಅದರಲ್ಲಿ ಅವರ ರೆಕಾರ್ಡಿಂಗ್ ಇರುತ್ತದೆ ಅನ್ನುವುದು ನೆನಪಿರಲಿ. ಅವರು ಬಳಸದ ಹೊಸ ಲೇಬಲ್ ಹಾಳೆಯನ್ನೇ ಕೇಳಿ ಪಡೆಯಿರಿ.

ಮಾರುವವರನ್ನು ಕೇಳಬೇಕಾದದ್ದು ಇಷ್ಟು. ಪೆಟ್ಟಿಗೆಯಲ್ಲಿ ಎಷ್ಟು ಲೇಬಲ್ ಬರುತ್ತವೆ? ಮುಗಿದರೆ ಮತ್ತೆ ಎಲ್ಲಿ ಸಿಗುತ್ತವೆ, ಬೆಲೆ ಎಷ್ಟು? ಒಗೆಯುವ ಲೇಬಲ್ ಸೇರಿದೆಯಾ? ಲೇಬಲ್ಲಿನ ಖರ್ಚು ಪೆನ್ನಿನ ಖರ್ಚಿನ ಜೊತೆಯಲ್ಲೇ ಲೆಕ್ಕ ಹಾಕಿ. ಬೇರೆ ಕಂಪನಿಯ ಲೇಬಲ್ ಇದಕ್ಕೆ ಆಗುವುದಿಲ್ಲ. ಬ್ಯಾಟರಿ ಎಂಥದ್ದು ಅಂತ ಕೇಳಿ. ನಾನು ಬಳಸಿದ್ದಕ್ಕೆ ರಿಮೋಟಿಗೆ ಹಾಕುವ ಸಣ್ಣ ಎಎಎ ಬ್ಯಾಟರಿ, ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ.

ತಂದ ಮೇಲೆ ಮೊದಲ ತಿಂಗಳಲ್ಲೇ ಒಮ್ಮೆ ಪೆನ್ನನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಹಾಕಿ ರೆಕಾರ್ಡಿಂಗ್ ಎಲ್ಲಾ ನಕಲು ಮಾಡಿಸಿ ಇಡಿ. ಆಮೇಲೆ ಔಷಧಿ ಬದಲಾದಾಗಲೆಲ್ಲಾ ಮತ್ತೊಮ್ಮೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಕಾಲೇಜಿಗೆ ಹೋಗುವ ಯಾರನ್ನಾದರೂ ಕೇಳಿ. ಇನ್ನು ಪೆನ್ನಿನ ಬಿಲ್ಲನ್ನು ಒಂದು ಕವರಿನಲ್ಲಿ ಹಾಕಿ, ಅದಕ್ಕೂ ಒಂದು ಲೇಬಲ್ ಅಂಟಿಸಿ: ಕೊಂಡ ತಾರೀಖು, ವಾರಂಟಿ ಎಲ್ಲಿಯವರೆಗೆ, ಕೊಟ್ಟವರ ಫೋನ್ ನಂಬರ್. ಇದೊಂದನ್ನು ಮಾತ್ರ ಮನೆಯವರ ಫೋನಿನಲ್ಲೂ ಬರೆಸಿಡಿ, ಯಾಕೆಂದರೆ ಪೆನ್ನು ಕೆಟ್ಟ ದಿನವೇ ಆ ನಂಬರ್ ಬೇಕಾಗುತ್ತದೆ.